ಎಚ್‌ಒ ಬೋಗಿಗಳಿಗೆ ರೆಡಿಮೇಡ್ ಎಲ್‌ಇಡಿ ಪಟ್ಟಿ: ವರ್ಷಗಟ್ಟಲೆ ಓಡಿಸಿದ ಮೇಲೆ

ಮಾಡೆಲ್ ರೈಲಿನ ಬೋಗಿಗೆ ರೆಡಿಮೇಡ್ ಲೈಟ್ ಪಟ್ಟಿ ತಗೋಬೇಕಾ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ನಿಮ್ಮ ಲೇಔಟ್, ಅಂದರೆ ಮಾಡೆಲ್ ರೈಲಿನ ಹಳಿಯ ಜೋಡಣೆ, ಡಿಸಿಸಿಯದ್ದಾಗಿದ್ದರೆ (ಹಳಿಗೆ ಸದಾ ಕರೆಂಟ್ ಕೊಟ್ಟು ಡಿಜಿಟಲ್ ಸಂಕೇತದಿಂದ ರೈಲು ಓಡಿಸುವ ವ್ಯವಸ್ಥೆ) ಖಂಡಿತ ತಗೊಳ್ಳಿ. ಆದರೆ ಇಡೀ ರೇಕ್‌ಗೆ, ಅಂದರೆ ಒಂದು ರೈಲಿನ ಎಲ್ಲ ಬೋಗಿಗಳ ಸಾಲಿಗೆ, ಬೇಕಾಗುವಷ್ಟನ್ನು ಒಂದೇ ಸಲ ತರಿಸಿ. ಬಿಡಿಬಿಡಿಯಾಗಿ ತಂದರೆ ಬಣ್ಣ ಹೊಂದುವುದಿಲ್ಲ.

ನನ್ನ ಲೇಔಟ್ ಇರುವುದು ವಿಜಯಪುರದಲ್ಲಿ, ಮನೆಯ ಮೇಲಿನ ಕೋಣೆಯಲ್ಲಿ. ಎಚ್‌ಒ ಅಳತೆ, ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ಓಡುವುದು ನೀಲಿ ಐಸಿಎಫ್ ಬೋಗಿಗಳ (ಚೆನ್ನೈನ ಪೆರಂಬೂರು ಕಾರ್ಖಾನೆಯ ಹಳೇ ಬಗೆಯವು) ಕಾಲದ ಗೋಳಗುಮ್ಮಟ ಎಕ್ಸ್‌ಪ್ರೆಸ್. ಆಲಮಟ್ಟಿ ದಾಟಿ ಬಾಗಲಕೋಟೆ ಕಡೆ ಹೋಗುವಾಗ ಬರುವ ಕೃಷ್ಣಾ ಸೇತುವೆಯನ್ನೂ ಮಾಡಿದ್ದೇನೆ. ಕೋಣೆಯ ಲೈಟ್ ಆರಿಸಿ ಆ ಸೇತುವೆ ಮೇಲೆ ರೈಲು ಬಿಡಬೇಕು ಅನ್ನುವ ಆಸೆಗೇ ಈ ಪಟ್ಟಿಗಳನ್ನು ಕೊಂಡದ್ದು.

ನಾನು ಹೇಳುತ್ತಿರುವುದು ಆನ್‌ಲೈನ್‌ನಲ್ಲಿ ಹಲವು ಹೆಸರಿನಲ್ಲಿ ಸಿಗುವ ಪಟ್ಟಿಯ ಬಗ್ಗೆ. ತೆಳ್ಳನೆಯ ಸರ್ಕ್ಯೂಟ್ ಬೋರ್ಡ್, ಅದರ ಮೇಲೆ ಸಣ್ಣ ಎಲ್‌ಇಡಿಗಳು, ಒಂದು ಬ್ರಿಜ್ ರೆಕ್ಟಿಫೈಯರ್, ಒಂದು ಕೆಪಾಸಿಟರ್, ಬೆಳಕು ಹೆಚ್ಚು ಕಡಿಮೆ ಮಾಡಲು ಪುಟ್ಟ ತಿರುಪು. ಹಳಿಯ ಕರೆಂಟ್ ಹೇಗೇ ಬರಲಿ, ರೆಕ್ಟಿಫೈಯರ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಚಕ್ರ ಒಂದು ಕ್ಷಣ ಸಂಪರ್ಕ ಕಳೆದುಕೊಂಡರೆ ಕೆಪಾಸಿಟರ್ ದೀಪ ಹಿಡಿದು ನಿಲ್ಲಿಸುತ್ತದೆ. ಇದನ್ನೆಲ್ಲ ಬಿಡಿಯಾಗಿ ತಂದು ಬೆಸುಗೆ ಹಾಕಿಕೊಂಡರೆ ಖರ್ಚು ತುಂಬ ಕಡಿಮೆ. ಆದರೂ ನಾನು ರೆಡಿಮೇಡ್ ಆರಿಸಿದ್ದು ಆ ತಿರುಪಿಗಾಗಿ.

ತಿರುಪು ಯಾಕಷ್ಟು ಮುಖ್ಯ? ಮಾರುಕಟ್ಟೆಯ 12 ವೋಲ್ಟ್ ಎಲ್‌ಇಡಿ ರೋಲ್ ಕತ್ತರಿಸಿ ಹಾಗೇ ಅಂಟಿಸಿದರೆ ಬೋಗಿ ಮದುವೆ ಮಂಟಪದಂತೆ ಹೊಳೆಯುತ್ತದೆ. ಅಸಲಿ ಸ್ಲೀಪರ್ ಬೋಗಿಯ ಕಿಟಕಿಗೆ ಸರಳು ಇರುತ್ತವೆ, ಒಳಗಿನ ಬೆಳಕು ಮಂದ. ರೋಲ್‌ನ ಮೂರು ಎಲ್‌ಇಡಿಗಳ ಒಂದೊಂದು ತುಂಡು ಸುಮಾರು 20 ಮಿಲಿಆಂಪಿಯರ್ ಎಳೆಯುತ್ತದೆ. ಒಂದು ಬೋಗಿಗೆ ಅಂಥ ಐದು ತುಂಡು ಹಾಕಿದರೆ 100 ಮಿಲಿಆಂಪಿಯರ್, ಹತ್ತು ಬೋಗಿಗೆ ಒಂದು ಆಂಪಿಯರ್. ಸಣ್ಣ ಡಿಸಿಸಿ ಕಂಟ್ರೋಲರ್‌ಗೆ ಅದು ದೊಡ್ಡ ಹೊರೆ, ಅಲ್ವಾ? ತಿರುಪನ್ನು ಇಳಿಸಿದರೆ ಬೆಳಕೂ ಸರಿಹೋಗುತ್ತದೆ, ಕರೆಂಟೂ ಉಳಿಯುತ್ತದೆ.

ಈಗ ಬಣ್ಣದ ಮಾತು. ಹೊರಗೆ ಎಲ್ಲ ಬೋಗಿಗಳೂ ಒಂದೇ ನೀಲಿ ಇರಬಹುದು. ದೀಪ ಹಚ್ಚಿದ ಕೂಡಲೇ ಒಂದು ಹಳದಿ, ಒಂದು ಗುಲಾಬಿ ಛಾಯೆ, ಒಂದು ಬಿಳಿ ಕಂಡರೆ ಅದು ಒಂದು ರೈಲಾಗಿ ಕಾಣುವುದಿಲ್ಲ, ಬೇರೆ ಬೇರೆ ರೈಲಿನ ಬೋಗಿ ತಂದು ಸೇರಿಸಿದಂತೆ ಇರುತ್ತದೆ. ಪೊಟ್ಟಣದ ಮೇಲೆ 3000 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ, ಸಂಖ್ಯೆ ಏರಿದಷ್ಟೂ ಬಿಳುಪು) ಅಂತ ಬರೆದಿದ್ದರೂ ಬೇರೆ ಬೇರೆ ಲಾಟ್‌ನ, ಅಂದರೆ ಬೇರೆ ಬೇರೆ ಸಲ ತಯಾರಾದ, ಎಲ್‌ಇಡಿಗಳ ಛಾಯೆಯಲ್ಲಿ ವ್ಯತ್ಯಾಸ ಬರುತ್ತದೆ. ಕಣ್ಣು ಕೂಡ ಬೇಗ ಹೊಂದಿಕೊಂಡು ಮೋಸ ಮಾಡುತ್ತದೆ. ಅದಕ್ಕೆ ನಾನು ಮೊಬೈಲ್ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ ಮತ್ತು ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ ಕತ್ತಲಲ್ಲಿ ಎಲ್ಲ ಬೋಗಿಗಳ ಫೋಟೋ ತೆಗೆಯುತ್ತೇನೆ. ಯಾವುದು ಬೇರೆ ಅನ್ನೋದು ಆಗ ಸ್ಪಷ್ಟ. ಬಿಳಿ ಜಾಸ್ತಿ ಇದ್ದ ಪಟ್ಟಿಗೆ ಮಾಡೆಲ್ ಬಣ್ಣ ಮಾಡುವ ಟಮಿಯಾ ಕಂಪನಿಯ ಎಕ್ಸ್-26 ಕ್ಲಿಯರ್ ಆರೆಂಜ್ ಬಣ್ಣವನ್ನು ತೆಳುವಾಗಿ ಬಳಿದರೆ ಹಳದಿಗೆ ಇಳಿಯುತ್ತದೆ. ಮಾಡೆಲ್ ರೈಲು ಮಾಡುವ ಕಾಟೊ ಕಂಪನಿ ತನ್ನ ಎನ್ ಸ್ಕೇಲ್ (ಎಚ್‌ಒಗಿಂತ ಚಿಕ್ಕ ಅಳತೆ) ಲೈಟ್ ಕಿಟ್ ಜೊತೆ ಇದೇ ಕೆಲಸಕ್ಕೆ ಕಿತ್ತಳೆ ಛಾಯೆಯ ಫಿಲ್ಟರ್ ಕೊಡುತ್ತದೆ. ಒಳ್ಳೆ ಯೋಚನೆ. ಎಚ್‌ಒ ಪಟ್ಟಿ ಮಾಡುವವರೂ ಕೊಡಬೇಕು.

ಯಾವ ಛಾಯೆ ಬೇಕು ಅನ್ನೋದು ಯಾವ ಕಾಲದ ರೈಲು ಅನ್ನೋದರ ಮೇಲೆ ನಿಂತಿದೆ. ಹಳೇ ಬಲ್ಬಿನ ಕಾಲಕ್ಕೆ 2700ರಿಂದ 3000 ಕೆಲ್ವಿನ್. ಟ್ಯೂಬ್‌ಲೈಟ್ ಬಂದ ಮೇಲಿನ ಬೋಗಿಗೆ ಇನ್ನೂ ಬಿಳುಪು. ಈಗಿನ ಹೊಸ ಬಗೆಯ ಎಲ್‌ಎಚ್‌ಬಿ ಬೋಗಿಗೆ 6000ದ ಆಸುಪಾಸು ಚೆನ್ನಾಗಿ ಒಪ್ಪುತ್ತದೆ. ಎಸಿ ಬೋಗಿಯ ಗಾಜು ಬಣ್ಣದ್ದು, ಅಲ್ಲಿ ಬೆಳಕನ್ನು ಇನ್ನಷ್ಟು ತಗ್ಗಿಸಿ.

ಎಲ್‌ಎಚ್‌ಬಿ ಅಂದಾಗ ನೆನಪಾಯಿತು. ಐಸಿಎಫ್ ಬೋಗಿ ಸುಮಾರು 21.3 ಮೀಟರ್, ಎಲ್‌ಎಚ್‌ಬಿ 23.5 ಮೀಟರ್. ಎಚ್‌ಒದಲ್ಲಿ 245 ಮತ್ತು 270 ಮಿ.ಮೀ. ಪೆರಂಬೂರಿನ ಕಾರ್ಖಾನೆ 2018ರಲ್ಲಿ ಹಳೇ ಬಗೆಯ ಬೋಗಿ ಮಾಡುವುದನ್ನು ನಿಲ್ಲಿಸಿತು. ಹಾಗಾಗಿ ಈಗಿನ ರೈಲು ಮಾಡುವವರಿಗೆ ಉದ್ದದ ಪಟ್ಟಿ ಬೇಕು, ಕೊಳ್ಳುವ ಮೊದಲು ಅಳತೆ ನೋಡಿ. ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯ ಓಓ ಅಳತೆಯ ಬೋಗಿಗಳು ಇದೇ 16.5 ಮಿ.ಮೀ. ಹಳಿಯ ಮೇಲೆ ಓಡುತ್ತವೆ. ಆದರೆ ಅವು 76ರಲ್ಲಿ ಒಂದು ಪಾಲು. ಎಚ್‌ಒ ಜೊತೆ ಜೋಡಿಸಿದರೆ ಕಿಟಕಿಯ ಸಾಲೇ ಮೇಲೆ ಕೆಳಗೆ ಆಗುತ್ತದೆ. ದೀಪ ಇದ್ದಾಗ ಅದು ಇನ್ನೂ ಎದ್ದು ಕಾಣುತ್ತದೆ.

ಹೊರಬಣ್ಣದ ವ್ಯತ್ಯಾಸ ಅಷ್ಟು ತಲೆನೋವಲ್ಲ. ಎಲ್ಲ ಬೋಗಿಗೂ ಮ್ಯಾಟ್ ವಾರ್ನಿಷ್ ಹೊಡೆದು, ಕೆಳಭಾಗಕ್ಕೆ ನೀರಾದ ಕಂದು ಬಣ್ಣ ಸವರಿದರೆ ಎರಡು ಲಾಟ್‌ನ ನೀಲಿಗಳೂ ಹತ್ತಿರ ಬರುತ್ತವೆ. ನಮ್ಮ ಗದಗ-ಹೊಟಗಿ ದಾರಿಯ ಧೂಳಿಗೂ ಅದು ಸರಿ.

ಬೆಳಕು ಸೋರುವುದು ಇನ್ನೊಂದು ಕಾಟ. ತೆಳು ಪ್ಲಾಸ್ಟಿಕ್ ಚಾವಣಿ ಕತ್ತಲಲ್ಲಿ ಹೊಳೆಯುತ್ತದೆ. ಒಳಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಣ್ಣ ಹಚ್ಚಿ. ಕಪ್ಪು ತಡೆಯುತ್ತದೆ, ಬಿಳಿ ಬೆಳಕನ್ನು ಕೆಳಗೆ ಕಳಿಸುತ್ತದೆ. ಅಲ್ಯೂಮಿನಿಯಂ ಟೇಪ್ ಬೇಡ, ಅದರಲ್ಲಿ ಕರೆಂಟ್ ಹರಿದು ಶಾರ್ಟ್ ಆಗಬಹುದು.

ಪಟ್ಟಿಗಳು ಬಾಳಿಕೆ ಬಂದಿವೆ. ನಮ್ಮೂರಿನ ಬೇಸಿಗೆಯಲ್ಲೂ ಒಂದೂ ಸುಟ್ಟಿಲ್ಲ. ತೊಂದರೆ ಕೊಟ್ಟದ್ದು ಅವುಗಳ ಜೊತೆ ಬಂದ ಕರೆಂಟ್ ಹಿಡಿಯುವ ತಗಡು. ಮೃದುವಾದ ತಾಮ್ರದಂಥದ್ದು, ಕೆಲವು ತಿಂಗಳಲ್ಲೇ ಬಾಗಿ ಚಕ್ರವನ್ನು ಮುಟ್ಟುವುದನ್ನೇ ಬಿಟ್ಟಿತು. ಅದನ್ನು ತೆಗೆದು ಫಾಸ್ಫರ್ ಬ್ರಾಂಜ್ (ಸ್ಪ್ರಿಂಗಿನಂತೆ ಪುಟಿಯುವ ಮಿಶ್ರಲೋಹ) ತಂತಿ ಹಾಕಿದೆ. ಎಂಟೂ ಚಕ್ರಗಳಿಂದ ಕರೆಂಟ್ ಬಂದರೆ ದೀಪ ಮಿಣುಕುವುದಿಲ್ಲ. ತಂತಿ ಚಕ್ರಕ್ಕೆ ಬಿಗಿಯಾಗಿ ಒತ್ತಬಾರದು. ಹತ್ತು ಬೋಗಿಗಳಲ್ಲಿ ಒತ್ತಿದರೆ ಎಂಜಿನ್ ಏರು ಹತ್ತದೆ ಜಾರುತ್ತದೆ. ಪ್ಲಾಸ್ಟಿಕ್ ಚಕ್ರ ಇದ್ದರೆ ಮೊದಲು ಲೋಹದ ಚಕ್ರ ಹಾಕಿಸಿ, ಇಲ್ಲದಿದ್ದರೆ ಈ ಪಟ್ಟಿಗೆ ಕರೆಂಟೇ ಸಿಗುವುದಿಲ್ಲ.

ವಿಜಯಪುರದ ಗಾಳಿ ಗೊತ್ತಲ್ಲ. ಮಾರ್ಚ್‌ನಿಂದ ಕಿಟಕಿ ಮುಚ್ಚಿದ್ದರೂ ಹಳಿ ಮೇಲೆ ಧೂಳು ಕೂರುತ್ತದೆ, ಚಕ್ರದ ಮೇಲೆ ಕಪ್ಪು ಜಿಡ್ಡು ಕಟ್ಟುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಟ್ಟೆ ಅದ್ದಿ ಹಳಿ ಮತ್ತು ಚಕ್ರ ಎರಡನ್ನೂ ಒರೆಸಬೇಕು. ಬರೀ ಹಳಿ ಒರೆಸಿದರೆ ಚಕ್ರದ ಕೊಳೆ ಮತ್ತೆ ಅಲ್ಲಿಗೇ ಬರುತ್ತದೆ. ಕೆಪಾಸಿಟರ್ ದೊಡ್ಡದು ಹಾಕಿದರೆ ಸಾಕು, ಒರೆಸುವ ಕೆಲಸ ತಪ್ಪುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೆಪಾಸಿಟರ್ ದೊಡ್ಡದಾದಷ್ಟೂ ಸ್ವಿಚ್ ಹಾಕಿದಾಗ ಎಲ್ಲ ಬೋಗಿಗಳೂ ಒಟ್ಟಿಗೆ ಕರೆಂಟ್ ನುಂಗುತ್ತವೆ, ಕಂಟ್ರೋಲರ್ ಅದನ್ನು ಶಾರ್ಟ್ ಅಂದುಕೊಂಡು ನಿಂತುಬಿಡುತ್ತದೆ. ಕೆಪಾಸಿಟರ್‌ಗೆ ಸರಣಿಯಲ್ಲಿ 100 ಓಮ್ ರೆಸಿಸ್ಟರ್ ಇರುವ ಪಟ್ಟಿಯನ್ನೇ ನೋಡಿ ತಗೊಳ್ಳಿ.

ಸಾದಾ ಡಿಸಿ ಕಂಟ್ರೋಲರ್ ಇರುವವರಿಗೆ ಮಾತ್ರ ನಾನಿದನ್ನು ಹೇಳುವುದಿಲ್ಲ. ರೈಲು ನಿಂತರೆ ಹಳಿಯಲ್ಲಿ ವೋಲ್ಟೇಜ್ ಇಲ್ಲ, ದೀಪವೂ ಇಲ್ಲ. ನಿಲ್ದಾಣದಲ್ಲಿ ನಿಂತ ರೈಲಿನ ಕಿಟಕಿಗಳು ಬೆಳಗಬೇಕು ಅಂದರೆ ಡಿಸಿಸಿಯೇ ಬೇಕು, ಯಾಕೆಂದರೆ ಅಲ್ಲಿ ಹಳಿಗೆ ಸದಾ ಕರೆಂಟ್ ಇರುತ್ತದೆ.

ಈ ಪಟ್ಟಿಗಳಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ತಗಡಿಗಾಗಿ. ತರಿಸುವಾಗ ಬೋಗಿಗಳ ಲೆಕ್ಕಕ್ಕಿಂತ ಎರಡು ಪಟ್ಟಿ ಜಾಸ್ತಿ ತರಿಸಿಡಿ. ಮುಂದೆ ರೇಕ್‌ಗೆ ಬೋಗಿ ಸೇರಿಸಿದಾಗ ಅದೇ ಲಾಟ್‌ನ ಛಾಯೆ ಅಂಗಡಿಯಲ್ಲಿ ಸಿಗುವುದಿಲ್ಲ.