ಮಿಡತೆ ಕೊಯ್ಯಲು ಈ ಡಿಸೆಕ್ಷನ್ ಕಿಟ್ ಸಾಕೇ?

ಮೈಸೂರಿನ ಲ್ಯಾಬ್ ಸಾಮಾನಿನ ಅಂಗಡಿಯೊಂದರಲ್ಲಿ ಬಿ.ಎಸ್ಸಿ. ಮಕ್ಕಳಿಗೆಂದು ಮಾರುವ ಕಿಟ್ ಇದು. ಎರಡು ಕತ್ತರಿ, ಎರಡು ಫೋರ್ಸೆಪ್ಸ್, ಎರಡು ಸೂಜಿ, ಸ್ಕಾಲ್ಪೆಲ್, ಮೇಣದ ಟ್ರೇ. ಫೋರ್ಸೆಪ್ಸ್ ಚೆನ್ನಾಗಿವೆ, ಸೂಜಿಗಳೂ ಪರವಾಗಿಲ್ಲ. ದೊಡ್ಡ ಕತ್ತರಿ ರೆಕ್ಕೆ, ಕಾಲು ತೆಗೆಯಲಷ್ಟೇ ಸರಿ.

ತೊಂದರೆ ಇರುವುದು ಸಣ್ಣ ಕತ್ತರಿಯಲ್ಲಿ. ತುದಿಗಳು ಕೂಡುತ್ತಿಲ್ಲ. ಮಿಡತೆಗೆ ಇದು ದೊಡ್ಡ ಕೊರತೆಯೇ. ಹೊಟ್ಟೆಯ ಪಕ್ಕದಲ್ಲಿ 8 ಜೊತೆ ಉಸಿರುರಂಧ್ರಗಳಿವೆ. ಅವುಗಳಿಗಿಂತ ಸ್ವಲ್ಪ ಮೇಲೆ, ಬಾಲದ ಕಡೆಯಿಂದ ಎದೆಯವರೆಗೆ, ಎರಡೂ ಬದಿ ಕತ್ತರಿಸಿ ಬೆನ್ನಿನ ಚಿಪ್ಪನ್ನು ಮುಚ್ಚಳದಂತೆ ಎತ್ತಬೇಕು. ಹೃದಯದ ಕೊಳವೆ ಆ ಚಿಪ್ಪಿನ ಒಳಬದಿಗೇ ಅಂಟಿರುತ್ತದೆ. ಬೆನ್ನಿನ ನಡುವೆ ಸೀಳಿದರೆ ಅದು ಹೋದಂತೆಯೇ. ಕತ್ತರಿಯ ತುದಿ ಸದಾ ಮೇಲ್ಮುಖವಾಗಿರಲಿ. ಕತ್ತರಿ ಕಚ್ಚಿ ಎಳೆದರೆ ಅನ್ನನಾಳ ಹರಿದು, ಜಗಿದ ಹಸಿರು ಹೊರಬಂದು ನೀರೆಲ್ಲ ಕದಡುತ್ತದೆ. ಕೊಳ್ಳುವ ಮುಂಚೆ ಒದ್ದೆ ಟಿಶ್ಯೂ ಕಾಗದವನ್ನು ತುದಿಯಿಂದ ಕತ್ತರಿಸಿ ನೋಡಿ. ಪಿಸಿದರೆ ಬೇರೆ ಕೇಳಿ.

ಮೇಣ ಬಿಳಿ. ದೇಹದ ಕಲ್ಮಶ ಹೊರಹಾಕುವ ಮಾಲ್ಪೀಜಿಯನ್ ನಳಿಕೆಗಳು ಕೂದಲೆಳೆಯಷ್ಟು ಸಣ್ಣ, ಬಿಳಿಯ ಮೇಲೆ ಕಾಣಿಸುವುದೇ ಇಲ್ಲ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ದೀಪದ ಮಸಿ ಬೆರೆಸಿ ಮತ್ತೆ ಹುಯ್ಯಿರಿ. ಟ್ರೇಗೂ ಆಗ ಗಟ್ಟಿಯಾಗಿ ಕೂರುತ್ತದೆ, ಈಗಿನಂತೆ ನೀರು ಹಾಕಿದ ಕೂಡಲೇ ಎದ್ದು ತೇಲುವುದಿಲ್ಲ. 100 ಮಿ.ಲೀ. ನೀರಿಗೆ 0.7 ಗ್ರಾಂ ಉಪ್ಪು ಸೇರಿಸಿ, ಮಿಡತೆ ಮುಳುಗುವಷ್ಟು ತುಂಬಿ. ಅಂಗಗಳು ಆಗಲೇ ಬಿಡಿಬಿಡಿಯಾಗಿ ತೇಲುವುದು. ಗುಂಡುಸೂಜಿ ಕಿಟ್‌ನಲ್ಲಿಲ್ಲ, ಬೇರೆ ತರಬೇಕು. ಹೊರಕ್ಕೆ ಓರೆಯಾಗಿ ಚುಚ್ಚಿದರೆ ಭೂತಗನ್ನಡಿಗೆ ಅಡ್ಡ ಬರುವುದಿಲ್ಲ.

ಇದೇ ಅಂಗಡಿ ಕೊಳೆಯದಂತೆ ಫಾರ್ಮಲಿನ್ ದ್ರವದಲ್ಲಿಟ್ಟ ಮಿಡತೆಯನ್ನೂ ಕೊಡುತ್ತದೆ. ಅದು ಬೇಡ. ಉಸಿರುನಾಳಗಳೊಳಗೆ ದ್ರವ ತುಂಬಿ, ಗಾಳಿಯಿಂದ ಬರುವ ಬೆಳ್ಳಿ ಹೊಳಪು ಹೋಗಿರುತ್ತದೆ. ಮಂಡ್ಯದ ಭತ್ತದ ಬದುಗಳಲ್ಲಿ ಸಿಗುವ ಮಿಡತೆಯನ್ನು ಫ್ರೀಜರ್‌ನಲ್ಲಿಟ್ಟು, ಕರಗಿಸಿ ಕೊಯ್ದರೆ ಎದೆಯಿಂದ ಬಾಲದವರೆಗೆ ಆ ಜಾಲ ಮಿಂಚುವುದು ನೋಡಿಯೇ ತಿಳಿಯಬೇಕು, ಅಷ್ಟು ಚೆಂದ! ಜೀರ್ಣಾಂಗ ನೋಡಲು ಗಂಡನ್ನೇ ಆರಿಸಿ. ಬಾಲದ ತುದಿಯಲ್ಲಿ ಮೊಟ್ಟೆಯಿಡುವ ಚೂಪು ಕೊಂಡಿಗಳಿದ್ದರೆ ಹೆಣ್ಣು. ಮೊಟ್ಟೆ ತುಂಬಿದ್ದರೆ ಕರುಳು ಪೂರ್ತಿ ಅದರಡಿ ಸಿಕ್ಕಿಕೊಂಡಿರುತ್ತದೆ.