ಸ್ನೇಕ್ ಗೇಟರ್: 3 ಬೇಸಿಗೆ ಕಟ್ಟಿಕೊಂಡು ತಿರುಗಿದ ಮೇಲೆ

ದಾರಿ ಬಿಟ್ಟು ಪೊದೆ, ಬಂಡೆಗಳ ನಡುವೆ ಓಡಾಡುತ್ತೀರಾ? ಹಾಗಾದರೆ ಹಾವು ಕಡಿತದಿಂದ ಕಾಲು ಕಾಯುವ ಈ ಸ್ನೇಕ್ ಗೇಟರ್ ತಗೊಳ್ಳಿ. ಪಾರ್ಕಿನ ಅಗಲ ದಾರಿಯಲ್ಲಷ್ಟೇ ನಡೆಯುವವರಿಗೆ ಬೇಕಾಗಿಲ್ಲ.

ನಾನಿರುವುದು ಅರಿಜೋನಾದ ಟೂಸಾನ್‌ನಲ್ಲಿ. ಹಕ್ಕಿ ನೋಡುವ ಹುಚ್ಚು, ಹಾಗಾಗಿ ಒಣಹಳ್ಳಗಳಿಗೆ ಇಳಿಯದೆ ಇರೋಕೆ ಆಗುವುದಿಲ್ಲ. ಈ ಗೇಟರ್ ಪಾದದ ಗಂಟಿನಿಂದ ಮೊಣಕಾಲಿನವರೆಗೆ ಕಟ್ಟಿಕೊಳ್ಳುವ ಕವಚ, ಹೊರಗೆ ದಪ್ಪ ನೈಲಾನ್, ಒಳಗೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿ. ಸುಮಾರು 80 ಡಾಲರ್ ಕೊಟ್ಟೆ.

ಇಲ್ಲಿ ಜಾಸ್ತಿ ಕಾಣುವ ಗಿಲಕಿ ಹಾವು (ಬಾಲದ ತುದಿಯ ಗಿಲಕಿ ಅಲ್ಲಾಡಿಸಿ ಸದ್ದು ಮಾಡುವ ವಿಷದ ಹಾವು, ರ‍್ಯಾಟಲ್‌ಸ್ನೇಕ್) ವೆಸ್ಟರ್ನ್ ಡೈಮಂಡ್‌ಬ್ಯಾಕ್. ಅರ್ಕಾನ್ಸಾದಿಂದ ಹಿಡಿದು ಒಕ್ಲಹೋಮ, ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾ ದಾಟಿ ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯವರೆಗೆ, ಕೆಳಗೆ ಮೆಕ್ಸಿಕೊದ ಉತ್ತರ ಭಾಗದಲ್ಲೂ ಇದರದ್ದೇ ಸೀಮೆ. ಆಸ್ಟಿನ್, ಫೀನಿಕ್ಸ್ ಕಡೆಯ ನಮ್ಮವರು ಗಮನಿಸಲಿ ಅಂತ ಇಷ್ಟು ಹೇಳಿದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಇರುವುದು ಬೇರೆ ಜಾತಿ. ಸಾಮಾನ್ಯವಾಗಿ 3-4 ಅಡಿ ಉದ್ದ, ಗಿಲಕಿಗೆ ಸ್ವಲ್ಪ ಮುಂಚೆ ಬಾಲದ ಮೇಲೆ ಕಪ್ಪು ಬಿಳಿ ಪಟ್ಟೆ.

ಕಳೆದ ಆಗಸ್ಟ್‌ನಲ್ಲಿ, ಮಳೆ ಬಂದು ನಿಂತ ಸಂಜೆ, ಪಾಪಾಸುಕಳ್ಳಿಯ ಬುಡದಲ್ಲಿ ಇಂಥ ಹಾವೊಂದು ಸುತ್ತಿಕೊಂಡು ಕೂತಿತ್ತು. ನನಗೆ ಮೂರೇ ಹೆಜ್ಜೆ. ಊರಲ್ಲಿ ಕೊಳಕುಮಂಡಲ ಕುಕ್ಕರ್ ಥರ ಬುಸುಗುಡುವುದನ್ನು ಕೇಳಿ ಬೆಳೆದ ಕಿವಿಗೆ ಈ ಗಿಲಕಿಯ ಸದ್ದು ಬೇರೆಯೇ, ಕಾದ ಎಣ್ಣೆಗೆ ಸಾಸಿವೆ ಸುರಿದ ಹಾಗೆ, ಎಲ್ಲಿಂದ ಬರುತ್ತಿದೆ ಅಂತ ಒಂದು ಕ್ಷಣ ತಿಳಿಯುವುದೇ ಇಲ್ಲ. ನಿಂತೆ, ಹುಡುಕಿದೆ, ನಿಧಾನ ಹಿಂದೆ ಸರಿದೆ. ಅದು ಎರಗಲಿಲ್ಲ. ಕಾಲಿಗೆ ರಕ್ಷಣೆ ಇದೆ ಅನ್ನುವ ಧೈರ್ಯಕ್ಕೆ ಗಾಬರಿಯಲ್ಲಿ ಓಡಲಿಲ್ಲ, ನನಗೆ ಆ ದುಡ್ಡು ಅಲ್ಲಿಗೇ ಸಂದಿತು. ಅಂದ ಹಾಗೆ, ಗಿಲಕಿ ಯಾವಾಗಲೂ ಬಾರಿಸುತ್ತದೆ ಅಂತ ನಂಬಬೇಡಿ. ಎಷ್ಟೋ ಸಲ ಸುಮ್ನೆ ಮಲಗಿರುತ್ತದೆ.

ದಿನಾ ಉಪಯೋಗಕ್ಕೆ ಬರುವುದು ಚೋಯಾ ಕಳ್ಳಿಯ ವಿಷಯದಲ್ಲಿ. ತಾಗಿದರೆ ಸಾಕು, ಮುಳ್ಳಿನ ಉಂಡೆಯೇ ಕಿತ್ತುಕೊಂಡು ಬಂದು ಅಂಟುತ್ತದೆ. ಬಾಚಣಿಗೆಯಿಂದ ಎಬ್ಬಿಸಿ ತೆಗೆದರೆ ನೈಲಾನ್ ಮೇಲೆ ಸಣ್ಣ ಗೀರು, ಅಷ್ಟೇ.

ತೊಂದರೆಗಳೂ ಇವೆ. ಜೂನ್ ಬಿಸಿಲಲ್ಲಿ ಒಳಗೆ ಕಾಲು ಬೆಂದುಹೋಗುತ್ತದೆ. ಶೂ ಕೆಳಗಿನ ಪಟ್ಟಿ ಕಲ್ಲಿಗೆ ಸವೆದು ಎರಡನೇ ವರ್ಷ ತುಂಡಾಯಿತು, ಈ ಬೆಲೆಗೆ ಅದು ಆಗಬಾರದಿತ್ತು. ಕೈಗಂತೂ ಇದರಿಂದ ಏನೂ ಉಪಯೋಗವಿಲ್ಲ ಅಲ್ವಾ, ಬಂಡೆ ಸಂದಿಗೆ ನೋಡದೆ ಕೈ ಹಾಕಬೇಡಿ, ಹಾವಿನ ಹತ್ತಿರ ಹೋಗಿ ಫೋಟೋ ತೆಗೆಯಬೇಡಿ.

ಕೊಳ್ಳುವ ಮುಂಚೆ ಪ್ಯಾಂಟ್ ಮೇಲೆಯೇ ಟೇಪ್ ಸುತ್ತಿ ಮೀನಖಂಡದ ಅಳತೆ ನೋಡಿ. ನನ್ನ ಮೊದಲ ಜೊತೆ ಸಡಿಲವಾಗಿ ಜಾರುತ್ತಿತ್ತು, ವಾಪಸ್ ಕಳಿಸಿ ಚಿಕ್ಕ ಸೈಜ್ ತರಿಸಿದೆ.