ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸುವ ಮುಂಚೆ ಇದನ್ನು ಓದಿ

ಕಲಬುರಗಿಯ ಗಂಜ್ ಹತ್ತಿರ ನಮ್ಮದು ಪೈಪು, ಮೋಟರಿನ ಅಂಗಡಿ. ಮೂರು ವರ್ಷದ ಹಿಂದೆ ಒಬ್ಬ ಏಜೆಂಟರು ಬಂದು ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟರು. ವರ್ಷಕ್ಕೆ ಆರು ಸಾವಿರ. ಜಿಎಸ್‌ಟಿ ರಿಟರ್ನ್ ಕೂಡ ತಾವೇ ನೋಡಿಕೊಳ್ಳುತ್ತೇವೆ ಅಂದರು. "ಅಣ್ಣಾ, ನಿಮಗ್ಯಾಕ ತಲಿಬ್ಯಾನಿ, ಒಟಿಪಿ ನನ್ನ ನಂಬರಿಗೇ ಬರ್ಲಿ ಬಿಡ್ರಿ." ನಾನು ಹೂಂ ಅಂದೆ. ದೊಡ್ಡ ತಪ್ಪು ಆಗಿದ್ದು ಅಲ್ಲೇ.

ಸಾಫ್ಟ್‌ವೇರ್‌ನಿಂದ ಅನುಕೂಲ ಆಗಿದ್ದು ನಿಜ. ಮೊದಲು ಸ್ಟಾಕ್ ಎಣಿಸೋಕೆ ಭಾನುವಾರ ಪೂರ್ತಿ ಬೇಕಿತ್ತು. ಆಮೇಲೆ ಎರಡು ಇಂಚಿನ ಪೈಪು ಎಷ್ಟು ಉಳಿದಿದೆ ಅಂತ ಕೂತಲ್ಲೇ ಗೊತ್ತಾಗುತ್ತಿತ್ತು. ಆ ಖುಷಿಯಲ್ಲಿ ಅಪ್ಪನ ಕಾಲದ ಕೆಂಪು ಖಾತೆ ಪುಸ್ತಕ ಬರೆಯೋದೇ ಬಿಟ್ಟೆ. ನಮ್ಮ ಕಡೆ ರೈತರು ತೊಗರಿ ರಾಶಿ ಆದ ಮೇಲೆ ದುಡ್ಡು ಕೊಡೋದು. ಆ ಉದ್ರಿ ಎಲ್ಲ ಕಂಪ್ಯೂಟರಿನಲ್ಲೇ ಇತ್ತು.

ಈ ವರ್ಷ ಏಜೆಂಟರು ಹದಿನೆಂಟು ಸಾವಿರ ಕೇಳಿದರು. ಜಾಸ್ತಿ ಆಯ್ತು ಅಂದೆ. ಮೂರನೇ ದಿನ ಬೆಳಿಗ್ಗೆ ಪರದೆ ಮೇಲೆ ಒಂದೇ ಸಾಲು: ಅವಧಿ ಮುಗಿದಿದೆ. ಎದುರಿಗೆ ಆಳಂದ ಕಡೆಯ ರೈತರೊಬ್ಬರು ರುಮಾಲಿನ ಗಂಟು ಬಿಚ್ಚಿ, ನೋಟು ಕೈಯಲ್ಲಿ ಹಿಡಿದು ನಿಂತಿದ್ದರು. "ನಂದು ಬಾಕಿ ಎಷ್ಟದ ನೋಡ್ರಿ ಸಾಹುಕಾರ್ರ." ಏನು ಹೇಳಲಿ? ಡೇಟಾ ಎಲ್ಲ ಏಜೆಂಟರ ಸರ್ವರಿನಲ್ಲಿತ್ತು. ಅವರು ಫೋನೇ ಎತ್ತಲಿಲ್ಲ.

ಅವತ್ತು ತಾರೀಖು 9. ಮಾರಾಟದ ಬಿಲ್‌ಗಳ ವಿವರ ಕೊಡುವ ರಿಟರ್ನ್, ಜಿಎಸ್‌ಟಿಆರ್-1, ಸಲ್ಲಿಸೋಕೆ 11 ಕಡೇ ದಿನ. ಅದು ಹೋಗದಿದ್ದರೆ 14ಕ್ಕೆ ಗಿರಾಕಿಗಳಿಗೆ ಬರುವ ಖರೀದಿ ಪಟ್ಟಿ 2ಬಿಯಲ್ಲಿ ನಮ್ಮ ಬಿಲ್ ಕಾಣೋದಿಲ್ಲ. ನಮ್ಮಲ್ಲಿ ಮಾಲು ತಗೊಂಡ ಗುತ್ತಿಗೆದಾರರಿಗೆ ಆ ತಿಂಗಳ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆಯೋದು) ಸಿಗೋದಿಲ್ಲ. ಒಟಿಪಿ ಏಜೆಂಟರ ನಂಬರಿಗೇ ಹೋಗುತ್ತಿದ್ದರಿಂದ ಹಾಗೇ ಆಯಿತು. ಇಬ್ಬರು ಹಳೇ ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನನ್ನ ನಂಬರ್ ಹಾಕಿಸೋಕೆ ನಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿ ಹತ್ತಿರ ಕಾಗದಪತ್ರ ಹಿಡಿದು ಓಡಾಡಿದೆ. ಅಷ್ಟರಲ್ಲಿ ತೆರಿಗೆ ಕಟ್ಟುವ ರಿಟರ್ನ್ 3ಬಿ ಕೂಡ ತಡವಾಯಿತು. ದಿನಕ್ಕೆ 50 ರೂಪಾಯಿ ದಂಡ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ 18% ಲೆಕ್ಕದಲ್ಲಿ ಬಡ್ಡಿ.

ಅಂಗಡಿ ನಡೆಸುವವರೇ, ಪೋರ್ಟಲ್‌ನಲ್ಲಿ ನಿಮ್ಮದೇ ಮೊಬೈಲ್, ನಿಮ್ಮದೇ ಇಮೇಲ್ ಇದೆಯಾ ಅಂತ ಇವತ್ತೇ ನೋಡಿ. ಹೊಸ ಸಾಫ್ಟ್‌ವೇರ್ ತಗೊಳ್ಳುವಾಗ ಎಲ್ಲ ಲೆಕ್ಕವನ್ನೂ ಎಕ್ಸೆಲ್‌ಗೆ ಇಳಿಸಿ ತೋರಿಸಿ ಅನ್ನಿ. ನಿಮ್ಮ ಕಣ್ಣೆದುರೇ ಮಾಡಿಸಿ. ಹಿಂದೆ ಮುಂದೆ ನೋಡಿದರೆ ದುಡ್ಡು ಕೊಡಬೇಡಿ. ಉದ್ರಿ ಪಟ್ಟಿಯನ್ನಂತೂ ವಾರಕ್ಕೊಮ್ಮೆ ಪ್ರಿಂಟ್ ತೆಗೆದು ಗಲ್ಲಾದಲ್ಲಿ ಇಡಿ.

ಆಳಂದದ ಆ ರೈತರು ಮನೆಯಿಂದ ಹಳೇ ಬಿಲ್ ಹುಡುಕಿ ತಂದು ಬಾಕಿ ಕಟ್ಟಿ ಹೋದರು. ಇನ್ನೂ ಮೂವತ್ತೆಂಟು ಜನರ ಲೆಕ್ಕ ಸಿಕ್ಕಿಲ್ಲ. ನೆನಪಾದಷ್ಟು ಹೆಸರುಗಳನ್ನು ಮತ್ತೆ ಕೆಂಪು ಪುಸ್ತಕದಲ್ಲಿ ಬರೆಯುತ್ತಾ ಕೂತಿದ್ದೇನೆ.